ಗಿಳಿಯಂಥ ಹೂವು, ಎಲೆಯಂಥ ಗಿಳಿ

ಈ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನೇರಳೆ-ಬಿಳಿ ಬಣ್ಣದ ಪುಟ್ಟ ಗಿಳಿ, ಬೆನ್ನಿಗೆ ದಾರ ಕಟ್ಟಿ ಗಾಳಿಯಲ್ಲಿ ತೂಗುಬಿಟ್ಟ ಹಾಗೆ. ದಾರ ಅಲ್ಲ, ಅದು ತೊಟ್ಟು. ಗಿಳಿಯೂ ಅಲ್ಲ, ಹೂವು. ಫೋಟೊ ಮಾತ್ರ ಸುಳ್ಳಲ್ಲ. ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್, ನಮ್ಮ ಮಣಿಪುರದಲ್ಲಿ ಬೆಳೆಯೋ ಕಾಡುಗಿಡ ಇದು: ಇಂಪೇಶನ್ಸ್ ಸಿಟ್ಟಾಸಿನಾ. ನಮ್ಮ ಅಂಗಳದ ಕರ್ಣಕುಂಡಲದ ನೆಂಟ. 1901ರಲ್ಲಿ ಈ ಹೆಸರಿಟ್ಟವರು ಜೋಸೆಫ್ ಹೂಕರ್. ವಯಸ್ಸು 80 ದಾಟಿದ ಮೇಲೂ ಕರ್ಣಕುಂಡಲಗಳ ಬೆನ್ನು ಬಿಡದ ಸಸ್ಯವಿಜ್ಞಾನಿ. ಸಿಟ್ಟಾಸಿನಾ ಅಂದ್ರೆ ಗಿಳಿಯಂಥದ್ದು ಅಂತ.

ಇದರ ಪಕ್ಕ ಒಂದು ನಿಜವಾದ ಗಿಳಿ ಇಟ್ಟು ನೋಡೋಣ. ಚಿಟ್ಟುಗಿಳಿ. ನಮ್ಮ ಮಲೆನಾಡಲ್ಲೂ ಇದೆ, ಥಾಯ್ಲೆಂಡಲ್ಲೂ ಇದೆ. ಉದ್ದ ಬರೀ 14 ಸೆಂ.ಮೀ., ಹೆಚ್ಚುಕಮ್ಮಿ ಗುಬ್ಬಿಯಷ್ಟು. ಮೋಟು ಬಾಲ, ಕೆಂಪು ಕೊಕ್ಕು, ಸೊಂಟದ ಮೇಲೂ ಕೆಂಪು. ಹಣ್ಣು ಬಿಟ್ಟ ಗೋಣಿಮರದ ಕೆಳಗೆ ನಾನು ಮೊದಲ ಸಲ ಹುಡುಕಿದಾಗ ಕೂಗು ಕೇಳ್ತಿತ್ತು, ಹಕ್ಕಿ ಕಾಣ್ತಿರಲಿಲ್ಲ. ಕತ್ತು ನೋಯೋವರೆಗೂ ನೋಡಿದೆ. ಕೊನೆಗೆ ಒಂದು ಎಲೆ ಮೆಲ್ಲಗೆ ತಿರುಗಿ ಹಣ್ಣಿಗೆ ಕೊಕ್ಕು ಹಾಕಿತು! ತಲೆಕೆಳಗಾಗಿ ಜೋತುಬಿದ್ದಿತ್ತು. ನಿದ್ದೆ ಮಾಡೋದೂ ಬಾವಲಿ ಥರ ಹಾಗೇನೇ. ಗೂಡು ಕಟ್ಟೋ ಕಾಲದಲ್ಲಿ ಹೆಣ್ಣು ಎಲೆ ಸೀಳಿ, ಆ ಸೀಳುಗಳನ್ನ ಸೊಂಟದ ಗರಿಗಳಿಗೆ ಸಿಕ್ಕಿಸ್ಕೊಂಡು ಪೊಟರೆಗೆ ಒಯ್ಯುತ್ತೆ.

ಹೂವು ಗಿಳಿಯ ಹಾಗೆ, ಗಿಳಿ ಎಲೆಯ ಹಾಗೆ. ಆದ್ರೆ ಎರಡೂ ಒಂದೇ ಅಲ್ಲ. ಎಲೆಗಳ ನಡುವೆ ಹಸಿರು ಮೈ ಕಾಣದಿದ್ರೆ ಚಿಟ್ಟುಗಿಳಿಯ ಜೀವ ಉಳಿಯುತ್ತೆ. ಹೂವಿಗೆ ಗಿಳಿಯ ಆಕಾರದಿಂದ ಏನು ಸಿಗುತ್ತೆ? ಅದು ಗಿಳಿ ಅನ್ನಿಸೋದು ಪಕ್ಕದಿಂದ ನೋಡಿದಾಗ. ಮಕರಂದಕ್ಕೆ ಬರೋ ಕೀಟ ಎದುರಿನಿಂದ ಬರುತ್ತೆ. ಅದಕ್ಕೆ ಬೇಕಿರೋದು ಕೂರೋಕೆ ಎಸಳು, ಒಳಗೆ ಇಳಿಯೋಕೆ ಬಾಯಿ. ಗಿಳಿಯನ್ನ ಅಲ್ಲಿ ಕಂಡಿದ್ದು ನಮ್ಮ ಕಣ್ಣು. ಹಾಗಾಗಿ ಇದನ್ನ ನಕಲು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಗಿಳಿಹೂವಿನ ಬೀಜ ಅಂತ ಯಾರಾದ್ರೂ ಆನ್‌ಲೈನಲ್ಲಿ ಮಾರಿದ್ರೆ ದಯವಿಟ್ಟು ಕೊಳ್ಳಬೇಡಿ. ಮೋಸ ಆದ್ರೆ ದುಡ್ಡು ಹೋಗುತ್ತೆ. ನಿಜವಾದದ್ದೇ ಆಗಿದ್ರೆ ಇನ್ನೂ ಕೆಟ್ಟದ್ದು, ಅಪರೂಪದ ಗಿಡವೊಂದರ ಬೀಜವನ್ನ ಕಾಡಿಂದ ತಂದಿರಬಹುದು. ಚಿಟ್ಟುಗಿಳಿಯನ್ನ ಪಂಜರಕ್ಕೆ ಹಾಕೋದಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಮಳೆಗಾಲದಲ್ಲಿ ಘಟ್ಟದ ರಸ್ತೆ ಪಕ್ಕ, ನೀರು ಜಿನುಗೋ ಬಂಡೆ ಮೇಲೆ ಕಾಡು ಕರ್ಣಕುಂಡಲ ಅರಳಿರುತ್ತೆ. ಗಾಡಿ ನಿಲ್ಲಿಸಿ, ಬಗ್ಗಿ, ಪಕ್ಕದಿಂದ ಒಮ್ಮೆ ನೋಡಿ, ಎದುರಿನಿಂದ ಒಮ್ಮೆ ನೋಡಿ. ಹೂವಿನ ಹಿಂದೆ ಬಾಗಿರೋ ಸಣ್ಣ ಕೊಳವೆಯಲ್ಲೇ ಮಕರಂದ ಇರೋದು.