ಬಾಲಕ್ಕೂ ಬೆಲೆಯಿದ್ದ ಕಾಲದ ಕುದುರೆ ಪುಸ್ತಕಗಳು

(ಯರಗೇರಾದಲ್ಲಿ ಮಾಡಿದ ಭಾಷಣದ ಬರಹರೂಪ)

ಯರಗೇರಾದಿಂದ ರಾಯಚೂರಿಗೆ ಹೋದವರು ಕೋಟೆಯ ಪಶ್ಚಿಮದ ಗೋಡೆಯನ್ನು ಒಮ್ಮೆಯಾದರೂ ನಿಂತು ನೋಡಬೇಕು. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ ಕಾಕತೀಯರ ಕಾಲದ ಕ್ರಿ.ಶ. 1294ರ ಶಾಸನವಿದೆ. ಶಾಸನ ಓದಲು ಬಾರದವರಿಗೂ ಅಲ್ಲೊಂದು ಓದು ಇದೆ. ಅಷ್ಟು ದೊಡ್ಡ ಬಂಡೆಯನ್ನು ಗಾಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನು ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದು ತೋರಿಸಿದ್ದಾರೆ. ಎಳೆಯುತ್ತಿರುವುದು ಕೋಣಗಳ ಉದ್ದನೆಯ ಸಾಲು. ಕುದುರೆಗೆ ಆ ಚಿತ್ರದಲ್ಲಿ ಕೆಲಸವಿಲ್ಲ.

ಕುದುರೆ ನಮ್ಮ ನಾಡಿನಲ್ಲಿ ಕಲ್ಲು ಎಳೆಯಲಿಲ್ಲ, ಎರೆ ಹೊಲ ಉಳಲಿಲ್ಲ, ಬಾವಿಯಿಂದ ನೀರು ಸೇದಲಿಲ್ಲ. ಅದು ಯುದ್ಧದ ಪ್ರಾಣಿ, ಮೆರವಣಿಗೆಯ ಪ್ರಾಣಿ. ಅದೂ ಬಹುಪಾಲು ಸಮುದ್ರ ದಾಟಿ ಬಂದದ್ದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿ, ವಿಜಯನಗರ, ಬಿಜಾಪುರದ ಅರಸರು ಇನ್ನೂರು ವರ್ಷ ಕಾದಾಡಿದಾಗ ಖಜಾನೆ ಬರಿದಾದದ್ದು ಮುಖ್ಯವಾಗಿ ಕುದುರೆಯ ಹಿಂದೆ. ಇಷ್ಟೊಂದು ಹಣ ಸುರಿದ ಮೇಲೆ ಅದನ್ನು ಹೇಗೆ ನೋಡಿ ಕೊಳ್ಳಬೇಕು, ಏನು ತಿನ್ನಿಸಬೇಕು, ಹೇಗೆ ಪಳಗಿಸಬೇಕು, ಕಾಯಿಲೆ ಬಿದ್ದರೆ ಏನು ಮಾಡಬೇಕು ಎಂದು ಬರೆದಿಡುವವರು ಹುಟ್ಟುವುದು ಸಹಜ. ಆ ಬರಹಗಳ ವಿಷಯವೇ ಇಂದಿನ ಮಾತು.

ಸಂಸ್ಕೃತದಲ್ಲಿ ಅಶ್ವಶಾಸ್ತ್ರದ ಮೊದಲ ಹೆಸರು ಶಾಲಿಹೋತ್ರ. ಈ ಋಷಿಯ ಹೆಸರು ಎಷ್ಟು ಬೇರೂರಿತೆಂದರೆ ಹಿಂದಿ, ಉರ್ದು ಮಾತಿನಲ್ಲಿ ಕುದುರೆ ವೈದ್ಯನಿಗೆ ‘ಸಾಲೋತ್ರಿ’ ಎಂಬ ಪದವೇ ನಿಂತುಬಿಟ್ಟಿತು. ಎರಡನೆಯ ಹೆಸರು ನಕುಲನದು. ವಿರಾಟನ ಲಾಯದಲ್ಲಿ ಒಂದು ವರ್ಷ ಅಜ್ಞಾತವಾಗಿ ಕುದುರೆ ನೋಡಿಕೊಂಡ ಪಾಂಡವನ ಹೆಸರಿನಲ್ಲಿ ಒಂದು ಅಶ್ವಚಿಕಿತ್ಸೆಯ ಗ್ರಂಥವೇ ಬಳಕೆಯಲ್ಲಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳಿಗೆ ಒಂದು ಅಧ್ಯಾಯ ಮೀಸಲು. ಕಾಂಬೋಜ, ಸಿಂಧು, ಆರಟ್ಟ, ವನಾಯು ದೇಶದವು ಉತ್ತಮ ಕುದುರೆಗಳೆಂದು ಅಲ್ಲಿ ಹೇಳಿದೆ. ಆ ಪಟ್ಟಿಯಲ್ಲಿ ದಕ್ಷಿಣದ ಹೆಸರು ಒಂದೂ ಇಲ್ಲ. ಅಮರಕೋಶ ಬಾಯಿಪಾಠ ಮಾಡುತ್ತಿದ್ದ ಹಳೆಯ ಕಾಲದ ಹುಡುಗರು ಕುದುರೆಯ ಐದು ನಡೆಗಳನ್ನು, ಅಂದರೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳನ್ನು, ಸರಾಗವಾಗಿ ಒಪ್ಪಿಸುತ್ತಿದ್ದರು. ಅವರಲ್ಲಿ ಕುದುರೆಯ ಬೆನ್ನು ಏರಿದವರು ಎಷ್ಟು ಮಂದಿ ಎಂದು ಕೇಳದಿರುವುದೇ ಒಳ್ಳೆಯದು.

ನಮ್ಮ ನೆಲಕ್ಕೆ ಹತ್ತಿರದ, ನಿಜವಾಗಿ ಕುದುರೆ ಏರಿದವನ ಕೈಯ ಪುಸ್ತಕವೆಂದರೆ ‘ಮಾನಸೋಲ್ಲಾಸ’. ಇದರ ಕರ್ತೃ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕ್ರಿ.ಶ. 1129ರ ಸುಮಾರಿಗೆ ರಚಿತವಾದ, ನೂರು ಅಧ್ಯಾಯಗಳ ಈ ಸಂಸ್ಕೃತ ಗ್ರಂಥ ಅಡುಗೆಯಿಂದ ಹಿಡಿದು ಆನೆ ಹಿಡಿಯುವ ತನಕ ಅರಸನ ಬಾಳಿನ ಎಲ್ಲವನ್ನೂ ವಿವರಿಸುತ್ತದೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೂರು ಸಂಪುಟಗಳು 1925ರಿಂದ 1961ರ ನಡುವೆ ಅಚ್ಚಾದವು. ಕುದುರೆಯ ತಳಿ, ಬಣ್ಣ, ಅಂಗಲಕ್ಷಣ, ಪಳಗಿಸುವ ಕ್ರಮ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಹೆಚ್ಚು ಸ್ವಾರಸ್ಯದ ಭಾಗ ‘ವಾಹ್ಯಾಲಿ ವಿನೋದ’. ವಾಹ್ಯಾಲಿ ಎಂದರೆ ಸವಾರಿಗೆಂದೇ ಹದಮಾಡಿದ ಬಯಲು. ಎರಡು ಕಡೆ ಕಮಾನು ನಿಲ್ಲಿಸಿ, ಎರಡು ಪಂಗಡಗಳ ಸವಾರರು ತುದಿ ಬಾಗಿದ ಕೋಲಿನಿಂದ ಚೆಂಡನ್ನು ಹೊಡೆದು ಕಮಾನಿನ ಮೂಲಕ ದಾಟಿಸುವ ಆಟದ ವರ್ಣನೆ ಇಲ್ಲಿದೆ. ಇಂದು ಪೋಲೋ ಎಂದು ಕರೆಯುವ ಆಟ ಬ್ರಿಟಿಷ್ ದಂಡಿನ ಜೊತೆಗೆ ಬೆಂಗಳೂರಿಗೆ ಬಂತೆಂದು ತಿಳಿದವರು ಬಸವಕಲ್ಯಾಣದ ಈ ಬಯಲನ್ನು ನೆನೆಯಬೇಕು. ಆದರೆ ಅದು ಅರಸರ ಆಟವಾಗಿತ್ತು ಎಂಬುದನ್ನೂ ಮರೆಯಬಾರದು. ಪ್ರಜೆಗಳ ಪಾಲಿಗೆ ಬಂದದ್ದು ನೋಟ ಮಾತ್ರ.

ಅದೇ ಶತಮಾನದಲ್ಲಿ ಗುಜರಾತಿನ ಜೈನ ಪಂಡಿತ ಹೇಮಚಂದ್ರ ತನ್ನ ನಿಘಂಟಿನಲ್ಲಿ ಕುದುರೆಯ ಬಣ್ಣಗಳಿಗೆ ಕೊಟ್ಟ ಹೆಸರುಗಳನ್ನು ಕೇಳಿ: ಕೋಕಾಹ, ಸೇರಾಹ, ಖೋಂಗಾಹ, ವೋಲ್ಲಾಹ. ಸಂಸ್ಕೃತದ ಕಿವಿಗೆ ಇವು ಒಗ್ಗುವ ಶಬ್ದಗಳಲ್ಲ. ಇಂಥವು ಅರಬ್ಬೀ, ಪಾರಸಿ ವ್ಯಾಪಾರಿಗಳ ಬಾಯಿಂದ ಬಂದವೆಂದು ವಿದ್ವಾಂಸರು ಹೇಳುತ್ತಾರೆ. ಕುದುರೆ ಹಡಗಿನಿಂದ ಇಳಿಯುವಾಗ ತನ್ನ ಬಣ್ಣದ ಹೆಸರನ್ನೂ ಜೊತೆಗೆ ತಂದಿತು, ಪಂಡಿತರು ಅದಕ್ಕೆ ವಿಭಕ್ತಿ ಹಚ್ಚಿದರು.

ಕನ್ನಡದ ಕಥೆ ಸ್ವಲ್ಪ ಬೇರೆ. ಇಲ್ಲಿ ಮೊದಲು ಬಂದದ್ದು ದನದ ವೈದ್ಯ. ಕ್ರಿ.ಶ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಗಿಡಮರಗಳ ಜೊತೆ ಪಶುಚಿಕಿತ್ಸೆಯೂ ಸೇರಿದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅರಮನೆಯಲ್ಲಿ ಹುಟ್ಟಿದವನು ದನದ ಕಾಯಿಲೆ ಬಗ್ಗೆ, ಅದೂ ಕನ್ನಡದಲ್ಲಿ, ಬರೆದದ್ದು ಸಣ್ಣ ಮಾತಲ್ಲ. ಕುದುರೆಯ ವೈದ್ಯ ಕನ್ನಡಕ್ಕೆ ಬಂದದ್ದು ಇವೆರಡರ ನಂತರ, ವಿಜಯನಗರದ ಮೊದಲ ದಿನಗಳಲ್ಲಿ. ಕ್ರಿ.ಶ. 1400ರ ಸುಮಾರಿನವನೆಂದು ಹೇಳುವ ಅಭಿನವಚಂದ್ರ ಈ ವಿಷಯದ ಗ್ರಂಥವನ್ನು ರಚಿಸಿದ. ಕಾಲವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಆಗ ತುಂಗಭದ್ರೆಯ ಎರಡು ದಂಡೆಗಳಲ್ಲೂ ಸಾವಿರಾರು ಕುದುರೆಗಳು ನಿಂತಿದ್ದವು. ಅರಸನಿಗೆ ಸಂಸ್ಕೃತ ಸಾಕು, ಆದರೆ ಔಷಧ ಅರೆಯುವವನಿಗೂ ಲಾಯದ ಅಧಿಕಾರಿಗೂ ಬೇಕಾದದ್ದು ಕನ್ನಡ.

ಇವುಗಳಲ್ಲಿ ನಂಬತಕ್ಕದ್ದು ಎಷ್ಟು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಶಾಸ್ತ್ರವನ್ನು ಹೊಗಳುವವರಿದ್ದಾರೆ, ಓದದೆಯೇ ತೆಗಳುವವರೂ ಇದ್ದಾರೆ. ಹಲ್ಲಿನ ವಿಷಯ ನೋಡಿ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಕುದುರೆಯ ವಯಸ್ಸನ್ನು ಹಲ್ಲಿನಿಂದ ತಿಳಿಯುವ ಕ್ರಮ ಹೇಳುತ್ತಾನೆ. ಹಲ್ಲು ಮೊದಲು ಕಪ್ಪು, ಆಮೇಲೆ ಹಳದಿ, ಬಿಳಿ, ಗಾಜಿನ ಬಣ್ಣ, ಜೇನಿನ ಬಣ್ಣ, ಶಂಖದ ಬಣ್ಣಕ್ಕೆ ತಿರುಗಿ ಕೊನೆಗೆ ಅಲುಗಾಡಿ ಬೀಳುತ್ತದೆ ಎನ್ನುವ ಮೂರು ಮೂರು ವರ್ಷಗಳ ಲೆಕ್ಕ ಅದು. ಇಂದಿನ ಪಶುವೈದ್ಯರ ಲೆಕ್ಕಕ್ಕೂ ಇದಕ್ಕೂ ವಿವರದಲ್ಲಿ ವ್ಯತ್ಯಾಸವಿದೆ. ಆದರೂ ಕುದುರೆಯ ಬಾಯಿ ತೆರೆದು ನೋಡದೆ ಬರೆದ ಮಾತಲ್ಲ. ಅದೇ ಗ್ರಂಥ ಮೈಮೇಲಿನ ಸುಳಿಗಳ ಬಗ್ಗೆಯೂ ಹೇಳುತ್ತದೆ. ಎದೆ, ತಲೆ, ಪಕ್ಕೆ, ಹಣೆ ಮುಂತಾದ ಕಡೆ ಹತ್ತು ಸುಳಿಗಳು ಸ್ಥಿರವಾಗಿ ಇರಬೇಕು, ಬೇರೆ ಕೆಲವು ಕಡೆ ಇದ್ದರೆ ಒಡೆಯನಿಗೆ ಕೇಡು. ಇಲ್ಲಿ ಕಣ್ಣು ನೋಡಿದ್ದು ನಿಜ, ಬುದ್ಧಿ ಕಟ್ಟಿಕೊಂಡದ್ದು ಕಥೆ. ಒಂದೇ ಪುಟದಲ್ಲಿ ಎರಡೂ ಇರುವುದರಿಂದ ಓದುವವನು ಪ್ರತಿ ಸಾಲಿಗೂ ಬೇರೆ ಬೇರೆ ತಕ್ಕಡಿ ಹಿಡಿಯಬೇಕಾಗುತ್ತದೆ.

ಉತ್ತರದ ದಂಡೆಯಲ್ಲಿ ಬಹಮನಿಗಳೂ ಸುಮ್ಮನಿರಲಿಲ್ಲ. ಹದಿನೈದನೆಯ ಶತಮಾನದ ಆರಂಭದಲ್ಲಿ, ಅಹಮದ್ ಶಾ ಬಹಮನಿಯ ಆಶ್ರಯದಲ್ಲಿ, ಸಂಸ್ಕೃತದ ಶಾಲಿಹೋತ್ರ ಶಾಸ್ತ್ರವನ್ನು ಪಾರಸಿಗೆ ತಿರುಗಿಸಲಾಯಿತು. ಗಡಿಯಲ್ಲಿ ಕತ್ತಿ ಹಿರಿದವರು ಗ್ರಂಥದ ವಿಷಯದಲ್ಲಿ ಒಬ್ಬರದನ್ನೊಬ್ಬರು ಧಾರಾಳವಾಗಿ ಎರವಲು ಪಡೆದರು. ಮಾತಿನಲ್ಲೂ ಹಾಗೆಯೇ. ಹಲ್ಲಣ, ವಾಘೆ, ಕಡಿವಾಣ, ರಾವುತ ಎಂಬ ಹಳೆಯ ಪದಗಳ ಪಕ್ಕದಲ್ಲಿ ಜೀನು, ಲಗಾಮು, ರಿಕಾಬು, ಸವಾರ, ಚಾಬೂಕು ಬಂದು ಕುಳಿತವು. ರಾಯಚೂರು ಸೀಮೆಯ ಮುದುಕರು ಲಗಾಮು ಎನ್ನುವಾಗ ಅದು ಪಾರಸಿಯೆಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ಬೇರೊಂದು ಬಗೆಯ ಪುಸ್ತಕಕ್ಕೆ ಬರೋಣ. ಇದನ್ನು ಬರೆದವರು ಪಂಡಿತರಲ್ಲ, ಕುದುರೆ ಮಾರುವವರು.

ಮೊದಲನೆಯವನು ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿಟಿನ್. 1470ರ ಆಸುಪಾಸಿನಲ್ಲಿ ಒಂದೇ ಒಂದು ಗಂಡು ಕುದುರೆಯೊಂದಿಗೆ ಹಡಗಿನಲ್ಲಿ ಬಂದಿಳಿದ. ಲಾಭದ ಆಸೆಯಿಂದ ತಂದ ಕುದುರೆಯನ್ನು ಜುನ್ನರಿನ ಅಧಿಕಾರಿ ಕಸಿದುಕೊಂಡು, ಮತಾಂತರಗೊಂಡರೆ ಕೊಡುತ್ತೇನೆ ಎಂದನಂತೆ. ಒಬ್ಬ ಖುರಾಸಾನಿ ಮಧ್ಯಸ್ಥಿಕೆ ವಹಿಸಿ ಬಿಡಿಸಿಕೊಟ್ಟ. ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದ. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿದ್ದಾನೆ. ವ್ಯಾಪಾರಿಯ ಕಣ್ಣು ಸ್ವಲ್ಪ ಉಬ್ಬಿಸಿ ನೋಡಿರಬಹುದು. ಅರ್ಧಕ್ಕೆ ಇಳಿಸಿದರೂ ಅದು ದೊಡ್ಡ ಸಂತೆಯೇ.

ಎರಡನೆಯವನು ಪೋರ್ಚುಗೀಸರ ಫೆರ್ನಾಂವ್ ನೂನಿಜ್. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಇವನ ಬರಹದ ಅನುವಾದವಿದೆ. ಅರಸನು ಪ್ರತಿವರ್ಷ ಹೋರ್ಮುಜಿನ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಾನೆ, ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ನಾಯಕರಿಗೆ ದಾಟಿಸಿ ಹಣ ಮಾಡಿಕೊಳ್ಳುತ್ತಾನೆ ಎಂಬುದು ಅವನ ಲೆಕ್ಕ. ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಮಾತು ಇನ್ನೂ ಚೆನ್ನಾಗಿದೆ. ಆ ದೊರೆ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ. ದಾರಿಯಲ್ಲಿ ಸಮುದ್ರದ ಪಾಲಾದ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿ ಬಂದದ್ದಕ್ಕೆ ಕೊಡುವಷ್ಟೇ ಹಣ. ಹುಚ್ಚುತನದಂತೆ ಕಂಡರೂ ಇದು ಲೆಕ್ಕಾಚಾರ. ಹಡಗಿನಲ್ಲಿ ನಷ್ಟವಾಗುವ ಭಯ ವ್ಯಾಪಾರಿಗೆ ಇಲ್ಲವಾದರೆ ಅವನು ಮುಂದಿನ ವರ್ಷವೂ ಇದೇ ದೊರೆಯ ಬಾಗಿಲಿಗೆ ಬರುತ್ತಾನೆ, ಬೀದರಿಗೆ ಹೋಗುವುದಿಲ್ಲ.

ರಾಯಚೂರಿನ ಯುದ್ಧಕ್ಕೂ ನೂನಿಜ್ ಕೊಡುವ ಕಾರಣ ಕುದುರೆಯೇ. ಕೃಷ್ಣದೇವರಾಯನು ಸೈಯದ್ ಮರಕ್ಕಾರ್ ಎಂಬವನ ಕೈಗೆ ನಲವತ್ತು ಸಾವಿರ ಪರ್ದಾವ್ ಕೊಟ್ಟು ಗೋವೆಯಿಂದ ಕುದುರೆ ತರಲು ಕಳಿಸಿದ. ಅವನು ಹಣದೊಂದಿಗೆ ಬಿಜಾಪುರದ ಕಡೆಗೆ ಓಡಿಹೋದ. ಇಸ್ಮಾಯಿಲ್ ಆದಿಲ್ ಶಾ ಅವನನ್ನು ಒಪ್ಪಿಸಲಿಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣೆಯ ಈಚೆ ದಂಡೆಯಲ್ಲಿ ಎರಡು ಸೈನ್ಯ ಎದುರಾದವು. ಗೆದ್ದ ರಾಯನಿಗೆ ಸಿಕ್ಕಿದ ಕೊಳ್ಳೆಯಲ್ಲಿ ಹೋರ್ಮುಜಿನ ನಾಲ್ಕು ಸಾವಿರಕ್ಕೂ ಹೆಚ್ಚು ಕುದುರೆಗಳಿದ್ದವು ಎಂದು ನೂನಿಜ್ ಬರೆಯುತ್ತಾನೆ. ಆಮೇಲೆ ಕೋಟೆಯ ಮುತ್ತಿಗೆಯಲ್ಲಿ ಗೋಡೆಯ ಮೇಲಿನ ಕಾವಲಿನವರನ್ನು ಬಂದೂಕಿನಿಂದ ಹೊಡೆದು ಕೆಡವಿದ ಕ್ರಿಸ್ತೋವಾಂವ್ ದೆ ಫಿಗೇರೆದು ಕೂಡ ಕುದುರೆ ಮಾರಲು ರಾಜಧಾನಿಗೆ ಬಂದಿದ್ದವನೇ. ಓಡಿಹೋದ ಹಣವೇ ಯುದ್ಧಕ್ಕೆ ಪೂರ್ಣ ಕಾರಣವೆಂದು ಇತಿಹಾಸಕಾರರು ಒಪ್ಪಲಾರರು. ದೋಆಬಿನ ಮೇಲಿನ ಆಸೆ ಹಳೆಯದು, ಮರಕ್ಕಾರ್ ನೆಪವಾದ. ಕುದುರೆ ವ್ಯಾಪಾರಿಗೆ ಜಗತ್ತಿನ ಎಲ್ಲ ಯುದ್ಧದಲ್ಲೂ ಕುದುರೆಯೇ ಕಂಡರೆ ಆಶ್ಚರ್ಯವಿಲ್ಲ. ಆದರೆ ಅವನದು ಬರಿ ಭ್ರಮೆಯೂ ಅಲ್ಲ. 1547ರಲ್ಲಿ ವಿಜಯನಗರವೂ ಗೋವೆಯ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದ ಮುಖ್ಯ ಅಂಶ, ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬುದಾಗಿತ್ತು.

ಇಷ್ಟು ಕುದುರೆ ಪ್ರತಿವರ್ಷ ಏಕೆ ಬೇಕಾಯಿತು? ಯುದ್ಧದಲ್ಲಿ ಸಾಯುವುದು ಒಂದು ಭಾಗ ಮಾತ್ರ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ ಕಟುವಾಗಿ ಬರೆದಿದ್ದಾನೆ: ಸಾವಿರಗಟ್ಟಲೆ ತರಿಸಿದ ಕುದುರೆಯಲ್ಲಿ ವರ್ಷದ ಕೊನೆಗೆ ನೂರು ಉಳಿಯುವುದೂ ಕಷ್ಟ, ಏಕೆಂದರೆ ಅಲ್ಲಿ ನೋಡಿಕೊಳ್ಳಲು ಬಲ್ಲವರಿಲ್ಲ, ಅನ್ನ ಮಾಂಸ ಬೇಯಿಸಿ ತಿನ್ನಿಸುತ್ತಾರೆ. ಅವನ ಮಾತಿನಲ್ಲಿ ಪರದೇಶಿಯ ತಾತ್ಸಾರವೂ ಇದೆ. ಆದರೂ ಅಶ್ವಶಾಸ್ತ್ರದ ಓಲೆಗರಿಗೂ ಲಾಯದ ಗೋದಲಿಗೂ ನಡುವೆ ಬಹಳ ದೂರವಿತ್ತೆಂಬ ಅನುಮಾನ ಬಾರದೆ ಇರದು.

ಆ ದೂರವನ್ನು ತುಂಬಿದವರು ಲಾಯದ ಆಳುಗಳು. ಹುಲ್ಲು ತಂದವರು, ಹುರುಳಿ ಬೇಯಿಸಿದವರು, ಗೊರಸು ಕೆರೆದವರು, ಹೊಟ್ಟೆನೋವಿನ ಕುದುರೆಯನ್ನು ರಾತ್ರಿಯೆಲ್ಲ ನಡೆಸಿದವರು. ಅವರ ಹೆಸರಿನಲ್ಲಿ ಒಂದು ಓಲೆಯೂ ಇಲ್ಲ. ಕೆಳದಿಯ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶ ಬರೆದಾಗಲೂ ಅಶ್ವಲಕ್ಷಣದ ಮಾತು ಬಂತು, ಆಳಿನ ಮಾತು ಬರಲಿಲ್ಲ. 1788ರಲ್ಲಿ ಕಲ್ಕತ್ತೆಯಲ್ಲಿ ಒಂದು ಪಾರಸಿ ಫರಸನಾಮೆ ಇಂಗ್ಲಿಷಿಗೆ ಬಂದು ಅಚ್ಚಾಯಿತು. ಅಲ್ಲಿಂದ ಮುಂದೆ ಕುದುರೆಯ ಪುಸ್ತಕಗಳು ದಂಡಿನ ಅಧಿಕಾರಿಗಳ ಕೈ ಸೇರಿದವು.

ಬರೆಯದವರ ಕುದುರೆ ಬೇರೆ ಕಡೆ ಉಳಿದಿದೆ. ಮೈಲಾರಲಿಂಗನ ಜಾತ್ರೆಯಲ್ಲಿ ಕುದುರೆಕಾರರು ತಾವೇ ದೇವರ ಕುದುರೆಗಳಾಗಿ ಕುಣಿಯುತ್ತಾರೆ. ಭೀಮಾ ತೀರದ ತಟ್ಟು, ಅಂದರೆ ಭೀಮಥಡಿ ಕುದುರೆ, ಅರಸರ ಗ್ರಂಥಗಳಲ್ಲಿ ಹೊಗಳಿಕೆ ಕಾಣದ ಗಿಡ್ಡ ಪ್ರಾಣಿ. ಅದು ಕುರಿಗಾಹಿಗಳ ಹಾಸಿಗೆ, ಪಾತ್ರೆ, ಮರಿಗಳನ್ನು ಹೊತ್ತು ಊರೂರು ಅಲೆದಿದೆ. ಅರಬ್ಬೀ ಕುದುರೆ ಸತ್ತ ಬಿಸಿಲಿನಲ್ಲಿ ಇದು ಬದುಕಿತು.

ಇನ್ನು ವರಾಹಮಿಹಿರನ ಸುಳಿಗಳು. ಅವನ್ನು ಹುಡುಕಲು ಬರೋಡದ ಸಂಪುಟಗಳನ್ನು ತೆರೆಯಬೇಕಾಗಿಲ್ಲ. ಈ ಸೀಮೆಯ ಯಾವುದಾದರೂ ಎತ್ತಿನ ಸಂತೆಗೆ ಹೋಗಿ ನಿಂತರೆ ಸಾಕು. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಆಮೇಲೆ ಬೆನ್ನು, ಹಣೆ, ಎದೆಯ ಮೇಲೆ ಬೆರಳಾಡಿಸಿ ಸುಳಿ ಹುಡುಕುತ್ತಾನೆ. ಮಾರುವವನು ಅಷ್ಟರಲ್ಲಿ ಹೋರಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ನಿಲ್ಲಿಸಿರುತ್ತಾನೆ.