ಹಾದುಹೋಗುವ ದಾರಿ, ಇಳಿಯುವ ಊರು

ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಿಂದ ಬಂದಿರುವ ಅಧ್ಯಾಪಕ ಮಿತ್ರರೇ, ರಾತ್ರಿಯಿಡೀ ವೈರು ಎಳೆದು, ಟೇಬಲ್ಲು ಜೋಡಿಸಿ, ನಿದ್ದೆಗಣ್ಣಿನಲ್ಲೇ ಮಳಿಗೆಗಳ ಮುಂದೆ ನಿಂತಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ನಿಮಗೆ ಮೊದಲು ಒಂದು ರಾತ್ರಿ ಬಸ್ಸಿನ ಕಥೆ ಹೇಳಬೇಕು. ನಾನಿನ್ನೂ ಪಾಠ ಮಾಡುತ್ತಿದ್ದ ಕಾಲ. ನನ್ನ ಇಬ್ಬರು ವಿದ್ಯಾರ್ಥಿನಿಯರು ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡಗಳ ಚಿತ್ರಗಳನ್ನು ತಿಂಗಳುಗಟ್ಟಲೆ ತೆಗೆದಿದ್ದರು. ದೋಣಿಯಲ್ಲಿ ಹೋಗಿ, ಕೆಸರಲ್ಲಿ ಮೊಣಕಾಲುದ್ದ ಹೂತು, ಒಂದೊಂದು ಗಿಡಕ್ಕೂ ಜಾಗ, ದಿನಾಂಕ ಬರೆದು ಮಾಡಿದ ಕೆಲಸ ಅದು. ಅಷ್ಟನ್ನೂ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಕಾಲೇಜಿನ ಬ್ರಾಡ್‌ಬ್ಯಾಂಡಿನಲ್ಲಿ ಹಾಕಿದೆವು. ಮೂರನೆಯ ದಿನ ಕರೆಂಟು ಹೋಯಿತು, ಮತ್ತೆ ಮೊದಲಿಂದ ಹಾಕಿದೆವು. ಕೊನೆಗೆ ಹಾರ್ಡ್ ಡಿಸ್ಕನ್ನು ಬೈರಾಸದಲ್ಲಿ ಸುತ್ತಿ, ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಸ್ನೇಹಿತರೊಬ್ಬರು ಇಳಿಸಿಕೊಂಡರು.

ಆ ರಾತ್ರಿ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಟೆರಾಬೈಟ್ ಅಂದರೆ 8 ಲಕ್ಷ ಕೋಟಿ ಬಿಟ್. ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ 10 ಎಂಬಿಪಿಎಸ್ ಲೈನು ಒಂದು ಕ್ಷಣವೂ ನಿಲ್ಲದೆ, ಬೇರೆ ಯಾರೂ ಮುಟ್ಟದೆ ಓಡಿದರೂ ಅದಕ್ಕೆ 9 ದಿನ 6 ಗಂಟೆ ಬೇಕು. ಬಸ್ಸು 12 ಗಂಟೆಯಲ್ಲಿ ಮುಟ್ಟಿಸುತ್ತದೆ. ಹಾಗೆ ನೋಡಿದರೆ ನಮ್ಮ ಬಸ್ಸಿನ ವೇಗ ಸುಮಾರು 185 ಎಂಬಿಪಿಎಸ್! ಒಂದು ಜಿಬಿಪಿಎಸ್ ಲೈನು ಇದ್ದಿದ್ದರೆ ಎರಡೂಕಾಲು ಗಂಟೆಯೊಳಗೆ ಕೆಲಸ ಮುಗಿದು, ಆ ಹುಡುಗಿಯರು ಸಂಜೆ ಮನೆಗೆ ಹೋಗುವ ಮೊದಲೇ ಬೆಂಗಳೂರಿನಿಂದ ಉತ್ತರ ಬಂದಿರುತ್ತಿತ್ತು. ಅಂದಿನಿಂದ ಇಂದಿನವರೆಗೆ ಈ ಲೆಕ್ಕ ನನ್ನನ್ನು ಬಿಟ್ಟಿಲ್ಲ.

ಇಂಟರ್‌ನೆಟ್ ಅಂದರೆ ಮೊಬೈಲ್ ಕಂಪನಿಯವರು ತಂದಿದ್ದು ಎಂದು ನಮ್ಮ ಮಕ್ಕಳು ಅಂದುಕೊಂಡಿದ್ದಾರೆ. ಈ ದೇಶಕ್ಕೆ ಅದು ಬಂದಿದ್ದು ವಿದ್ಯೆಯ ಬಾಗಿಲಿನಿಂದ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಯೋಜನೆ ಹಾಕಿಕೊಂಡಿತು. ಸೇರಿದ್ದು ಎಂಟೇ ಸಂಸ್ಥೆಗಳು: ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ದೆಹಲಿಯ ಆ ಇಲಾಖೆ, ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಆಗಿನ ಲೈನುಗಳ ವೇಗ ಸೆಕೆಂಡಿಗೆ 9,600 ಬಿಟ್. ಇವತ್ತು ನೀವು ಮೊಬೈಲಿನಲ್ಲಿ ತೆಗೆಯುವ ನಾಲ್ಕು ಎಂಬಿಯ ಒಂದು ಫೋಟೊ ದಾಟಬೇಕಾದರೆ ಮುಕ್ಕಾಲು ಗಂಟೆ ಮೇಲೆ ಬೇಕಿತ್ತು. ಆದರೂ ವಿಜ್ಞಾನಿಗಳು ಅದರಲ್ಲೇ ಪತ್ರ ಬರೆದರು, ಹೊರದೇಶದವರ ಜೊತೆ ಕೂಡಿ ಕೆಲಸ ಮಾಡಿದರು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಷ್ಟೊತ್ತಿಗೆ ನಮ್ಮ ಅಧ್ಯಾಪಕರು, ಸಂಶೋಧಕರು ಅದನ್ನು ವರ್ಷಗಟ್ಟಲೆ ಬಳಸಿ ಪಳಗಿಸಿದ್ದರು. ಹೊರಗೂ ಇದೇ ಕಥೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು 1984ರಲ್ಲೇ ಜಾನೆಟ್ ಎಂಬ ತಮ್ಮದೇ ಜಾಲ ಕಟ್ಟಿಕೊಂಡವು. ನಾವೆಲ್ಲ ಬಳಸುವ ವೆಬ್ ಹುಟ್ಟಿದ್ದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ, ಸಂಶೋಧಕರು ತಮ್ಮ ಟಿಪ್ಪಣಿಗಳನ್ನು ಹಂಚಿಕೊಳ್ಳುವ ಸಲುವಾಗಿ.

ಆಮೇಲೆ ದೊಡ್ಡ ಹೆಜ್ಜೆ ಇಟ್ಟೆವು. ಸ್ಯಾಮ್ ಪಿತ್ರೋಡಾ ಅಧ್ಯಕ್ಷತೆಯ ರಾಷ್ಟ್ರೀಯ ಜ್ಞಾನ ಆಯೋಗ, ಉನ್ನತ ವಿದ್ಯೆಯ ಸಂಸ್ಥೆಗಳಿಗೆಲ್ಲ ಗಿಗಾಬಿಟ್ ವೇಗದ ಪ್ರತ್ಯೇಕ ಜಾಲ ಬೇಕೆಂದು ಸಲಹೆ ಮಾಡಿತು. 2010ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜ್ಞಾನ ಜಾಲಕ್ಕೆ 5,990 ಕೋಟಿ ರೂಪಾಯಿ ಒಪ್ಪಿತು. ಕಟ್ಟುವ ಹೊಣೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು, ಗುರಿ ಸುಮಾರು 1,500 ಸಂಸ್ಥೆಗಳು. ಇವತ್ತು ಅದು ಕೆಲಸ ಮಾಡುತ್ತಿದೆ, ಚೆನ್ನಾಗಿಯೇ ಮಾಡುತ್ತಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳನ್ನು ದೇಶದ ಬೇರೆ ಮೂಲೆಯ ಸಂಶೋಧಕರು ಮುಟ್ಟುವುದು ಇಂಥ ಜಾಲದಿಂದಲೇ.

ಮನೆಗೆ ಹಾಕಿಸಿಕೊಳ್ಳುವ ಬ್ರಾಡ್‌ಬ್ಯಾಂಡಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಪಾಲಕರು ಕೇಳಬಹುದು. ಮನೆಯ ಲೈನು ಸಾಮಾನ್ಯವಾಗಿ ಕೆಳಗಿಳಿಸಿಕೊಳ್ಳುವವರಿಗಾಗಿ ಮಾಡಿದ್ದು. ಸಿನಿಮಾ ಬೇಗ ಬರುತ್ತದೆ, ಮೇಲಕ್ಕೆ ಕಳಿಸಲು ಹೋದರೆ ತಿಣುಕುತ್ತದೆ. ಸಂಜೆ ಇಡೀ ಬೀದಿ ಅದೇ ಲೈನನ್ನು ಹಂಚಿಕೊಳ್ಳುತ್ತದೆ. ಸಂಶೋಧನೆಯ ಜಾಲದಲ್ಲಿ ಬರುವ ದಾರಿ, ಹೋಗುವ ದಾರಿ ಎರಡೂ ಒಂದೇ ಅಗಲ. ಒಬ್ಬ ಪ್ರೊಫೆಸರ್ ಇಡೀ ದಿನ ದೊಡ್ಡ ಕಡತ ಕಳಿಸಿದರೂ ಪಕ್ಕದ ಪ್ರಯೋಗಾಲಯದ ವೀಡಿಯೊ ಪಾಠ ತಡವರಿಸಬಾರದು. ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಜಾಲ ಅದು.

ಈ ಜಾಲದಲ್ಲಿ ನಮ್ಮ ಕರಾವಳಿಯ ಡಿಗ್ರಿ ಕಾಲೇಜುಗಳ ಪಾಲು ಎಷ್ಟು? ನಮ್ಮಂಥವರಿಗಾಗಿ 2009ರಲ್ಲಿ ಬೇರೆ ಯೋಜನೆ ಬಂತು. ವಿಶ್ವವಿದ್ಯಾಲಯಕ್ಕೆ ಒಂದು ಜಿಬಿಪಿಎಸ್, ಕಾಲೇಜಿಗೆ 10 ಎಂಬಿಪಿಎಸ್. ಧಾರವಾಡಕ್ಕೆ ನೂರು ಪಾಲು, ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ ಕುಮಟಾಕ್ಕೆ ಒಂದು ಪಾಲು. ಹಾಗೆ ಹಂಚಿದವರ ಮೇಲೆ ನನಗೆ ಸಿಟ್ಟಿಲ್ಲ. ಆಗ ಅಷ್ಟೂ ದೊಡ್ಡದೇ. ಆದರೆ ಆ ಹಂಚಿಕೆಯ ಹಿಂದೆ ಒಂದು ನಂಬಿಕೆ ಇತ್ತು: ಕಾಲೇಜು ಪಾಠ ಕೇಳುತ್ತದೆ, ಸಂಶೋಧನೆ ಬೇರೆಲ್ಲೋ ನಡೆಯುತ್ತದೆ. ನನ್ನ ತಕರಾರು ಆ ನಂಬಿಕೆಯ ಮೇಲೆ.

ದಾರಿ ಎಲ್ಲಿ ಹಾದು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಬೆಲೆ ಈ ಮೂರೂ ಊರುಗಳಿಗೆ ಗೊತ್ತು. ಕುಮಟಾ ಹತ್ತಿ ಎಂಬ ಹೆಸರು ಒಂದು ಕಾಲಕ್ಕೆ ಲಿವರ್‌ಪೂಲಿನ ಪೇಟೆಯಲ್ಲಿ ನಡೆಯುತ್ತಿತ್ತು. ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡದ ಎರೆಮಣ್ಣಿನಲ್ಲಿ. ದೇವಿಮನೆ ಘಟ್ಟ ಇಳಿದು ನಮ್ಮ ಬಂದರಿನಲ್ಲಿ ಹಡಗು ಹತ್ತುತ್ತಿದ್ದರಿಂದ ಅದಕ್ಕೆ ನಮ್ಮೂರ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿ ದುಡ್ಡಿನ ಹೊಳೆ ಹರಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಲೆಕ್ಕಾಚಾರವಿತ್ತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಮೊರ್ಮುಗೋವಾಕ್ಕೆ ರೈಲು ಹೋಯಿತು, ಹತ್ತಿಯೂ ರೈಲು ಹತ್ತಿ ಹೋಯಿತು. ಕುಮಟಾ ಬಂದರು ಆಮೇಲೆ ಆ ಕಳೆ ಕಾಣಲಿಲ್ಲ. ಭಟ್ಕಳದ ಕಥೆಯೂ ಬೇರೆಯಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರು ಅದು.

ಹೊನ್ನಾವರದ ಬಗ್ಗೆ ಹೇಳದೆ ಹೋದರೆ ತಪ್ಪಾದೀತು, ನಿಂತಿರುವುದು ಇದೇ ನೆಲದ ಮೇಲೆ. 14ನೇ ಶತಮಾನದ ನಡುವಿನಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದ. ಊರಿನಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಎಣಿಸಿದ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಬರೆದಿಟ್ಟ. ಅರ್ಧ ಜಗತ್ತು ಸುತ್ತಿದವನ ಮಾತು ಅದು. ಈ ಸಂಖ್ಯೆಯನ್ನು ನಾನು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತಿದ್ದೆ. ಪ್ರತಿ ವರ್ಷ ಹಿಂದಿನ ಬೆಂಚಿನ ಹುಡುಗಿಯರು ತಲೆ ಎತ್ತುತ್ತಿದ್ದರು.

ಇಂಥ ಊರುಗಳ ನಡುವೆ ಈಗ ಕೊಂಕಣ ರೈಲು ಓಡುತ್ತಿದೆ. ಆ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಇರುವುದು ನಮ್ಮ ಶರಾವತಿಯ ಮೇಲೆ, ಎರಡು ಕಿಲೋಮೀಟರಿಗೂ ಹೆಚ್ಚು. ಹಳಿಯ ಜೊತೆಗೇ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳು ಸಾಗುತ್ತವೆ. ಬೆಳಕಿನ ಮಿಂಚಿನಲ್ಲಿ ಲಕ್ಷಾಂತರ ಜನರ ಮಾತು ಅದರೊಳಗೆ ಓಡುತ್ತಿದೆ. ನಿಲ್ಲದ ಎಕ್ಸ್‌ಪ್ರೆಸ್ ಗಾಡಿ ಹೋಗುವುದನ್ನು ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಎಳೆ ನಮ್ಮ ಹಿತ್ತಿಲಲ್ಲೇ ಇದೆ. ಕಾಲೇಜಿನ ಕಂಪ್ಯೂಟರ್ ಕೋಣೆಗೆ ಅದು ಇಳಿಯಬೇಕು.

ಇಳಿಸಿದರೆ ಸಾಲದು, ಮಳೆಗಾಲ ತಾಳಬೇಕು. ಮರ ಬಿದ್ದರೆ, ಹೆದ್ದಾರಿ ಅಗಲ ಮಾಡುವ ಜೆಸಿಬಿ ಹಲ್ಲು ತಾಗಿದರೆ, ಒಂದೇ ದಾರಿಯ ಕೇಬಲ್ ಸತ್ತಂತೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿಹೋಯಿತು. ಆ ದುಃಖ ಇನ್ನೂ ಆರಿಲ್ಲ. ಒಂದೇ ದಾರಿಯನ್ನು ನಂಬಿ ಈ ಕರಾವಳಿ ಬದುಕಬಾರದು ಎಂಬುದನ್ನು ನಾವು ಆವತ್ತು ಕಣ್ಣಾರೆ ಕಂಡೆವು. ಜಾಲ ಕಟ್ಟುವವರು ಇದಕ್ಕೆ ಉಂಗುರದ ಉಪಾಯ ಮಾಡುತ್ತಾರೆ: ಒಂದು ಕಡೆ ತುಂಡಾದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ನಮ್ಮ ಮೂರು ಊರುಗಳಿಗೆ ಒಂದೊಂದು ಘಟ್ಟದ ದಾರಿಯಿದೆ. ಭಟ್ಕಳಕ್ಕೆ ಕೋಗಾರು ಘಟ್ಟ ಹತ್ತಿ ಸಾಗರ, ಹೊನ್ನಾವರಕ್ಕೆ ಗೇರುಸೊಪ್ಪೆಯ ಮೇಲಿಂದ ಜೋಗ, ಕುಮಟಾಕ್ಕೆ ದೇವಿಮನೆಯಿಂದ ಶಿರಸಿ. ಕೆಳಗೆ ರೈಲಿನ ಎಳೆ, ಮೇಲೆ ಮಲೆನಾಡಿನ ಎಳೆ, ನಡುವೆ ಮೂರು ಘಟ್ಟಗಳ ಏಣಿ. ಎಂಜಿನಿಯರುಗಳು ನಕ್ಷೆ ಬರೆಯುವಾಗ ಹಳೆಯ ಗಾಡಿದಾರಿಗಳನ್ನು ಒಮ್ಮೆ ನೋಡಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಅಷ್ಟು ಖರ್ಚು ಮಾಡಿದರೆ ಇಲ್ಲಿಂದ ಏನು ಹೋಗುತ್ತದೆ ಮೇಲಕ್ಕೆ? ಬನ್ನಿ, ತೋರಿಸುತ್ತೇನೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗು ಪ್ರದೇಶ ಎನಿಸಿಕೊಂಡ ಅಘನಾಶಿನಿ ಅಳಿವೆ ನಮ್ಮಲ್ಲಿದೆ. ಮಾಣಿಕಟ್ಟೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗ ಭತ್ತ ಇದೆ. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಆ ಭತ್ತದ ಗುಟ್ಟು ಬಾಂಗ್ಲಾದೇಶಕ್ಕೂ ಬೇಕು, ವಿಯೆಟ್ನಾಮಿಗೂ ಬೇಕು. ಬಳಚು ಆರಿಸುವ ಹೆಂಗಸರಿಗೆ ಯಾವ ತಿಂಗಳು ಎಲ್ಲಿ ಕೈ ಹಾಕಬೇಕೆಂದು ಗೊತ್ತು. ಆ ತಿಳಿವಳಿಕೆ ದಿನಾಂಕದ ಸಮೇತ ದಾಖಲಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಕುಮಟಾದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡು ಈ ಹೊಳೆಗಳನ್ನು ಅಭ್ಯಾಸ ಮಾಡಿದ್ದು ಸುಮ್ಮನೆ ಅಲ್ಲ. ಇಲ್ಲೇ ಗುಣವಂತೆಯಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಪರಂಪರೆ ಇದೆ. ಒಂದು ರಾತ್ರಿಯ ಆಟವನ್ನು ನಾಲ್ಕು ಕ್ಯಾಮೆರಾದಲ್ಲಿ ಚೆನ್ನಾಗಿ ಹಿಡಿದರೆ ನೂರಾರು ಜಿಬಿ ಆಗುತ್ತದೆ. ಅದು ಯಾರದೋ ಕಪಾಟಿನ ಡಿಸ್ಕಿನಲ್ಲಿ ಬೂಸಲು ಹಿಡಿಯಬೇಕೆ, ವಿಶ್ವವಿದ್ಯಾಲಯಗಳ ಭಂಡಾರ ಸೇರಬೇಕೆ?

ಮೀನುಗಾರರನ್ನೇ ಕೇಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಬಿಸಿ, ನೀರಿನ ಹಸಿರು ಅಳೆದು, ಮೀನು ಸಿಗಬಹುದಾದ ಜಾಗ ಹೇಳುತ್ತದೆ. ಅದು ಮೇಲಿಂದ ಕೆಳಗೆ ಬರುವ ಮಾಹಿತಿ. ಕಾಸರಕೋಡು ಟೊಂಕದಿಂದ, ಭಟ್ಕಳದ ಬಂದರಿನಿಂದ ಹೊರಟ ಬೋಟಿಗೆ ನಿಜವಾಗಿ ಏನು ಸಿಕ್ಕಿತು ಎಂಬುದನ್ನು ನಮ್ಮ ಕಾಲೇಜುಗಳು ದಿನವೂ ಬರೆದು ಕಳಿಸಿದರೆ ಮುಂದಿನ ಸೂಚನೆ ಇನ್ನಷ್ಟು ಹರಿತವಾಗುತ್ತದೆ. ಆ ಬೋಟಿನವರ ಮಕ್ಕಳೇ ಇಲ್ಲಿ ಬಿ.ಎಸ್ಸಿ. ಓದುತ್ತಿದ್ದಾರೆ, ಅವರಿಗಿಂತ ಒಳ್ಳೆಯ ಸಂಶೋಧಕರನ್ನು ಎಲ್ಲಿ ಹುಡುಕುತ್ತೀರಿ?

ಒಂದು ಒಳ್ಳೆಯ ಸುದ್ದಿಯೂ ಇದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ವಿದ್ಯಾಸಂಸ್ಥೆಗಳಿಗೆ ತೆರೆದಿವೆ. ನಾನು ಸಂಶೋಧನೆ ಮಾಡುವಾಗ ಒಂದು ಲೇಖನದ ಜೆರಾಕ್ಸಿಗೆ ಎರಡು ತಿಂಗಳು ಕಾದವನು, ಈ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿತ್ತು. ಇಂಥ ಬಾಗಿಲು ನಮ್ಮ ಅನುದಾನಿತ, ಖಾಸಗಿ ಕಾಲೇಜುಗಳಿಗೂ ತೆರೆಯಲಿ, ಒಳಗೆ ಹೋಗಲು ತಕ್ಕ ಲೈನೂ ಬರಲಿ.

ಮೂರು ಊರಿನ ಕಾಲೇಜುಗಳ ಆಡಳಿತ ಮಂಡಳಿಯವರು ಇಲ್ಲಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಬೇರೆ ಬೇರೆ ಅರ್ಜಿ ಹಾಕಬೇಡಿ. ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಡಿಗ್ರಿ ಕಾಲೇಜು ಧಾರವಾಡಕ್ಕೆ ಸೇರಿದ್ದು ಎಂಬ ಗೋಡೆ ಇಲ್ಲಿ ಬೇಡ. ಒಂದೇ ಕಾಗದದ ಮೇಲೆ ಮೂರು ಊರಿನ ಸಹಿ ಇರಲಿ. ನಮಗೆ ಎಷ್ಟು ಇಳಿಸಿಕೊಳ್ಳಬೇಕು ಎಂಬುದರ ಕೆಳಗೆ, ನಾವು ಎಷ್ಟು ಕಳಿಸುತ್ತೇವೆ ಎಂಬ ಲೆಕ್ಕವನ್ನೂ ಬರೆಯಿರಿ. ಆ ಎರಡನೆಯ ಲೆಕ್ಕ ಹಾಕಲು ನಾನು ಬಂದು ಕೂರುತ್ತೇನೆ.

ನನ್ನ ಮಾತು ಉದ್ದವಾಯಿತು. ಅಲ್ಲಿ ಮೂರನೆಯ ಮಳಿಗೆಯ ಹುಡುಗಿ ಆಗಿನಿಂದ ಗಡಿಯಾರ ನೋಡುತ್ತಿದ್ದಾಳೆ. ಅವಳ ತಂಡದವರು ಗಜನಿಯ ಕಟ್ಟಿನ ಬಳಿ ನೀರಿನ ಉಪ್ಪು ಅಳೆಯುವ ಸಲಕರಣೆ ಇಟ್ಟು ಬಂದಿದ್ದಾರಂತೆ, ಐದು ನಿಮಿಷಕ್ಕೊಂದು ಸಂಖ್ಯೆ ಇಲ್ಲಿನ ಪರದೆಗೆ ಬರುತ್ತದಂತೆ. ಉಬ್ಬರ ಈಗ ಏರುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಇಳಿತ ಶುರು. ಪ್ರದರ್ಶನ ಉದ್ಘಾಟನೆಯಾಯಿತು ಎಂದು ಸಂತೋಷದಿಂದ ಸಾರುತ್ತೇನೆ. ಬನ್ನಿ, ನೀರು ತಿರುಗುವ ಮೊದಲು ಅಲ್ಲಿಗೆ ಹೋಗೋಣ.