ಗೇಟಿನ ಒಳಗಿನ ಹತ್ತು ಅಡಿ

(ಮಾತೆ ಮರಿಯಮ್ಮನವರ ಜನನೋತ್ಸವದ ಧ್ವಜಾರೋಹಣದ ಸಂಜೆ ನೀಡಿದ ಪ್ರಬೋಧನೆ)



ಧ್ವಜ ಏರಿತು. ನಾಳೆಯಿಂದ ಒಂಬತ್ತು ದಿನ ನವೇನ. ಸೆಪ್ಟೆಂಬರ್ 8ರಂದು ಮಾತೆಯ ಹುಟ್ಟುಹಬ್ಬ. ದಿನವೂ ಸಂಜೆ ನಮ್ಮ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅಮ್ಮನ ಪಾದಕ್ಕೆ ಹಾಕುತ್ತಾರೆ. ನೋಡಲು ಎರಡು ಕಣ್ಣು ಸಾಲದು. ಆದರೆ ಆ ಹೂ ಎಲ್ಲಿಂದ ಬರುತ್ತದೆ? ನಮ್ಮ ಅಜ್ಜಿಯರ ಕಾಲದಲ್ಲಿ ಅಂಗಳದಿಂದ ಬರುತ್ತಿತ್ತು. ಇಂದು ಅಂಗಡಿಯಿಂದ, ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಹಾಗಾದರೆ ನಮ್ಮ ಅಂಗಳಕ್ಕೆ ಏನಾಯಿತು?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಮನೆಗಳನ್ನು ಆಶೀರ್ವದಿಸಲು ಹೋದಾಗ ನಾವು ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಒಳಗೆ ಫಳಫಳಿಸುವ ನೆಲ, ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಅದರ ಮುಂದೆ ದೀಪ. ಹೊರಗೆ, ಬಾಗಿಲಿನಿಂದ ಗೇಟಿನವರೆಗಿನ ಹತ್ತು ಅಡಿಯಲ್ಲಿ ಒಡೆದ ಬಕೆಟ್, ಉಳಿದ ಟೈಲ್ಸ್, ಮಳೆಗೆ ಸಿಕ್ಕಿ ಕಲ್ಲಾದ ಸಿಮೆಂಟ್ ಚೀಲ, ಓಡದ ಸ್ಕೂಟರ್, ಕಳೆದ ಕ್ರಿಸ್‌ಮಸ್ಸಿನ ನಕ್ಷತ್ರದ ಬಿದಿರು. ಎಸೆಯಲು ಮನಸ್ಸಿಲ್ಲ, ಬಳಸಲು ಬರುವುದಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಈ ಕಡೆ ಒಂದೊಂದು ಅಡಿಗೂ ಬೆಲೆ ಬಂತು. ಉಳಿದಿದ್ದ ಮಣ್ಣಿಗೂ ಗಾರೆ ಬಳಿದು ಕಾರು ನಿಲ್ಲಿಸಿದೆವು.

ಸಂತ ಲೂಕರ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಒಬ್ಬ ಧನಿಕನಿದ್ದಾನೆ. ಅವನು ಲಾಜರನಿಗೆ ಹೊಡೆಯಲಿಲ್ಲ, ಬಯ್ಯಲಿಲ್ಲ, ಅಟ್ಟಲೂ ಇಲ್ಲ. ತನ್ನ ಬಾಗಿಲ ಬಳಿ ಬಿದ್ದಿದ್ದವನನ್ನು ದಿನವೂ ದಾಟಿಕೊಂಡು ಹೋದ, ಅಷ್ಟೇ. ಬಾಗಿಲ ಮುಂದಿನ ಜಾಗವನ್ನು ಕಣ್ಣಿಟ್ಟು ನೋಡದವನಿಗೆ ಅಲ್ಲಿ ನಿಂತ ಮನುಷ್ಯ ಹೇಗೆ ಕಂಡಾನು? ಬೆಳಿಗ್ಗೆ ಕಸದ ಗಾಡಿಯೊಂದಿಗೆ ಬರುವ ಪೌರಕಾರ್ಮಿಕ ಸಹೋದರಿ ಎರಡು ನಿಮಿಷ ನೆರಳಿಗೆ ನಿಲ್ಲಲು, ಒಂದು ಲೋಟ ನೀರು ಕೇಳಲು ನಮ್ಮ ಗೇಟಿನ ಬಳಿ ಜಾಗವಿದೆಯೇ? ಅಂಗಳ ನಮ್ಮದು ನಿಜ, ಆದರೆ ಅದು ಬೀದಿಗೂ ಸೇರಿದ್ದು.

ಆದ್ದರಿಂದ ಈ ಒಂಬತ್ತು ದಿನಗಳಲ್ಲಿ ಪ್ರತಿ ಕುಟುಂಬವೂ ತನ್ನ ಅಂಗಳವನ್ನು ಹಸನು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ನಮ್ಮ ಅಂಗಳದ ಕಸ ಪಕ್ಕದ ಖಾಲಿ ಸೈಟಿಗೆ ಹೋದರೆ ಅದು ಸ್ವಚ್ಛತೆಯಲ್ಲ, ಕಸದ ವರ್ಗಾವಣೆ. ಯಲಹಂಕದಾಚೆಯ ಮಾವಳ್ಳಿಪುರದವರಿಗೆ ಇದು ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಬೆಂಗಳೂರಿನ ಕಸ ಲಾರಿಗಳಲ್ಲಿ ಅವರ ಊರ ಮುಂದೆ ಬಿತ್ತು. ನೀರು ಕೆಟ್ಟಿತು, ನೊಣ ಮುತ್ತಿತು, ದುರ್ವಾಸನೆಯಲ್ಲಿ ಊಟ ಮಾಡಬೇಕಾಯಿತು. ಊರವರು ಹೋರಾಡಿದರು, 2012ರಲ್ಲಿ ಲಾರಿಗಳು ನಿಂತವು. ಆಗ ನಗರದ ಬೀದಿಗಳಲ್ಲೇ ಕಸ ಕೊಳೆತದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಂದರೆ ಅಷ್ಟು ವರ್ಷ ನಮ್ಮ ಬೀದಿ ಚೊಕ್ಕಟವಾಗಿದ್ದದ್ದು ಮಾವಳ್ಳಿಪುರದ ಅಂಗಳದ ಬೆಲೆಗೆ. ಮುಂದೆ ಮಂಡೂರಿನವರೂ 2014ರವರೆಗೆ ಅದೇ ಬೆಲೆ ತೆತ್ತರು. ಹಸಿ ಕಸ, ಒಣ ಕಸ, ತಿರಸ್ಕೃತ ಕಸ ಎಂದು ಮೂರು ಪಾಲು ಮಾಡಿ ಕೊಡಬೇಕೆಂದು ಹೈಕೋರ್ಟು 2015ರಲ್ಲಿ ಆದೇಶಿಸಿತು. ಈಗಲೂ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕತ್ತಲಲ್ಲಿ ಮೂಲೆಗೆ ಎಸೆದು, ಬೆಳಿಗ್ಗೆ ಪೂಜೆಗೆ ಬರುವವರು ನಮ್ಮಲ್ಲೂ ಇದ್ದಾರೆ.

ಇನ್ನು ಕೆಲಸಕ್ಕೆ ಬರೋಣ. ಕಸ ಎತ್ತಿದ ಮೇಲೆ ಕಾಣುವುದು ಕಳೆ. ಅದರಲ್ಲೂ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅದನ್ನು ತಿನ್ನಲೆಂದು ಮೆಕ್ಸಿಕೋದ ಪುಟ್ಟ ದುಂಬಿಯೊಂದನ್ನು ವಿಜ್ಞಾನಿಗಳು 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟರು. ಮಳೆಗಾಲದಲ್ಲಿ ಅದು ತಕ್ಕಮಟ್ಟಿಗೆ ದುಡಿಯುತ್ತದೆ, ಉಳಿದದ್ದು ನಮ್ಮ ಕೈಯ ಕೆಲಸ. ಹೂ ಬಿಡುವ ಮೊದಲೇ, ಮಳೆ ಬಂದು ಮಣ್ಣು ಮೆತ್ತಗಿರುವಾಗ, ಬೇರುಸಮೇತ ಕೀಳಬೇಕು. ಬರಿಗೈ ಬೇಡ, ಮೈ ತುರಿಸುತ್ತದೆ. ಕಳೆಯನ್ನು ಸುಗ್ಗಿಯವರೆಗೆ ಬಿಡಿ ಎಂಬ ಸ್ವಾಮಿಯ ಸಾಮತಿಯನ್ನು ದಯವಿಟ್ಟು ಇಲ್ಲಿ ಉದಾಹರಿಸಬೇಡಿ.

ಎಲ್ಲ ಕಡೆ ಗಾರೆ ಬಳಿದಿದ್ದರೆ, ಗೋಡೆಯ ಉದ್ದಕ್ಕೂ ಎರಡಡಿ ಅಗಲವಾದರೂ ಒಡೆಸಿ. ಗಾರೆಯ ಚೂರುಗಳನ್ನು ಆರಿಸಿ ತೆಗೆಯಿರಿ, ಅವು ಮಣ್ಣನ್ನು ಕೆಡಿಸುತ್ತವೆ. ಒಂದಡಿ ಆಳ ಅಗೆದು, ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಗೊಬ್ಬರ ಬೆರೆಸಿ. ಬಿಸಿಲಿರುವ ಕಡೆ ದಾಸವಾಳದ ಕಡ್ಡಿ ನೆಡಿ. ಅರೆನೆರಳಿಗೆ ಕನಕಾಂಬರ ಒಗ್ಗುತ್ತದೆ. ಒಂದು ಕರಿಬೇವು ಇರಲಿ. ಒಣ ಎಲೆಗಳನ್ನು ಸುಡಬೇಡಿ. ಮೂಲೆಯಲ್ಲಿ ಗುಂಡಿ ತೋಡಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ.

ನೀರೆಲ್ಲಿದೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕಾರು ಗಿಡಕ್ಕೆ ಸಾಕು. ಇನ್ನೊಂದು ಲೆಕ್ಕವಿದೆ. ನಮ್ಮ ನಗರಕ್ಕೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ. ಹತ್ತಡಿಗೆ ಇಪ್ಪತ್ತಡಿಯ ಅಂಗಳವೊಂದರ ಮೇಲೆ ಬೀಳುವ ನೀರು ಸುಮಾರು 18,000 ಲೀಟರ್, ಅಂದರೆ 6,000 ಲೀಟರಿನ ಮೂರು ಟ್ಯಾಂಕರ್. ಮಣ್ಣಿದ್ದರೆ ಅದರಲ್ಲಿ ಒಂದಷ್ಟು ಇಂಗುತ್ತದೆ. ಗಾರೆಯಿದ್ದರೆ ಚರಂಡಿಗೆ ಓಡುತ್ತದೆ. ಬೇಸಿಗೆಯಲ್ಲಿ ನಾವು ಟ್ಯಾಂಕರಿನವನಿಗೆ ಫೋನು ಮಾಡುತ್ತೇವೆ.

ಎಲ್ಲವೂ ಸಾಲಾಗಿ, ಕತ್ತರಿಸಿದಂತೆ ಇರಬೇಕೆಂದೂ ಇಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಮುಟ್ಟದೆ ಬಿಡಲು ತಮ್ಮ ಸಹೋದರರಿಗೆ ಹೇಳುತ್ತಿದ್ದರು. ಕಾಡುಹೂಗಳು ತಮ್ಮಷ್ಟಕ್ಕೆ ಅರಳಲಿ, ಕಂಡವರು ದೇವರನ್ನು ನೆನೆಯಲಿ ಎಂದು. ವಿಶ್ವಗುರು ಫ್ರಾನ್ಸಿಸ್‌ರವರು 2015ರ ತಮ್ಮ ‘ಲೌದಾತೊ ಸಿ’ ಪತ್ರದಲ್ಲಿ ಇದನ್ನು ನೆನಪಿಸಿದ್ದರು. ಚಿಟ್ಟೆಗೂ ಒಂದು ಮೂಲೆ ಬಿಡೋಣ.

ಈಗ ನೆಟ್ಟದ್ದು ಈ ಹಬ್ಬಕ್ಕೆ ಹೂ ಕೊಡದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದಿನವೂ ಕೆದಕಿ ನೋಡುತ್ತಾರೆ. ಚೆಂಡುಹೂವಿನ ಬೀಜ ಈ ವಾರ ಬಿತ್ತಿದರೆ ಸುಮಾರು ಎರಡು ತಿಂಗಳಿಗೆ, ನವೆಂಬರ್ 2ರ ಸಕಲ ಆತ್ಮರ ದಿನದ ಹೊತ್ತಿಗೆ, ಹಿರಿಯರ ಸಮಾಧಿಗೆ ಒಯ್ಯುವಷ್ಟು ಅರಳೀತು. ಬೀಜದ ಪೊಟ್ಟಣಗಳು ದೇವಾಲಯದ ಬಾಗಿಲ ಬಳಿಯ ಮೇಜಿನ ಮೇಲಿವೆ, ಮನೆಗೊಂದು ತೆಗೆದುಕೊಳ್ಳಿ. ಅಗೆಯಲು ಶಕ್ತಿಯಿಲ್ಲದ ಹಿರಿಯರು, ಒಂಟಿಯಾಗಿರುವವರು ಯುವಜನರ ಬಳಿ ಹೆಸರು ಬರೆಸಿ. ಶನಿವಾರ ಬೆಳಿಗ್ಗೆ ಅವರು ಹಾರೆ, ಗುದ್ದಲಿ ಹಿಡಿದು ಬರುತ್ತಾರೆ. ಅವರಿಗೆ ಒಂದು ಲೋಟ ಕಾಫಿ ಕೊಟ್ಟರೆ ಸಾಕು.